ಒಲೆ ಉರಿದರೂ ನೀರು ಕಾಯದೇಕೆ?

ಅಮೆರಿಕದ ಉತ್ತರ ಭಾಗದ ಮಿನೆಸೋಟ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಜನವರಿಯ ರಾತ್ರಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದುಂಟು. ಅಲ್ಲಿನ ಹಳ್ಳಿಗಾಡಿನ ಕೆಲವು ಮನೆಗಳ ಹಿತ್ತಲಲ್ಲಿ ಹೊಗೆಕೊಳವೆಯಿರುವ ತಗಡಿನ ಪುಟ್ಟ ಕೋಣೆಯಂಥದೊಂದು ಕಾಣುತ್ತದೆ. ಅದೇ ಹೊರಾಂಗಣದ ಸೌದೆ ಬಾಯ್ಲರ್. ಮನೆಯನ್ನು ಬೆಚ್ಚಗಿಡುವುದೂ ಸ್ನಾನದ ನೀರು ಕಾಯಿಸುವುದೂ ಅದರ ಕೆಲಸ.

ಒಂದು ಬೆಳಿಗ್ಗೆ ಬಾಯ್ಲರಿನ ಮಾಪಕ 80 ಡಿಗ್ರಿ ತೋರಿಸುತ್ತಿರುತ್ತದೆ. ಆದರೆ ಬಚ್ಚಲಿನ ನಲ್ಲಿಯಲ್ಲಿ ಬರುವುದು ಉಗುರುಬೆಚ್ಚಗಿನ ನೀರು. ಇನ್ನೆರಡು ಕೊರಡು ತುರುಕಿದರೆ ಸರಿಹೋದೀತೆಂದು ಮನೆಯವರಿಗೆ ಅನಿಸುತ್ತದೆ. ಬಾಯ್ಲರಿನ ನೀರು ಆಗಲೇ ಕಾದಿದೆ. ಮತ್ತಷ್ಟು ಸೌದೆಯಿಂದ ಆಗಬೇಕಾದ್ದೇನೂ ಇಲ್ಲ. ತೊಂದರೆ ಇರುವುದು ಬೆಂಕಿಯಲ್ಲಲ್ಲ, ಶಾಖ ಸಾಗುವ ದಾರಿಯಲ್ಲಿ.

ಎರಡು ನೀರು, ನಡುವೆ ತಾಮ್ರ

ಮಲೆನಾಡಿನ ಬಚ್ಚಲೊಲೆಯಲ್ಲಿ ಬೆಂಕಿ ನೇರವಾಗಿ ಹಂಡೆಯ ತಳಕ್ಕೆ ತಾಗುತ್ತದೆ. ಕಾದ ನೀರನ್ನೇ ಮೊಗೆದು ಮೀಯುತ್ತೇವೆ. ಸೌದೆ ಬಾಯ್ಲರಿನಲ್ಲಿ ಹಾಗಲ್ಲ. ಅಲ್ಲಿ ಬೆಂಕಿಯ ಸುತ್ತಲಿನ ನೀರು ಪಂಪಿನ ಬಲದಿಂದ ನೆಲದಡಿಯ ಕೊಳವೆಯಲ್ಲಿ ಮನೆಗೆ ಬಂದು, ಶಾಖ ಕೊಟ್ಟು, ತಿರುಗಿ ಬಾಯ್ಲರಿಗೆ ಹೋಗುತ್ತದೆ. ತುಕ್ಕು ಹಿಡಿಯದಿರಲು ಅದರಲ್ಲಿ ರಾಸಾಯನಿಕಗಳನ್ನು ಬೆರೆಸಿರುವುದರಿಂದ ಅದು ಮೀಯಲೂ ಕುಡಿಯಲೂ ತಕ್ಕದ್ದಲ್ಲ. ಆದ್ದರಿಂದ ಎರಡು ನೀರೂ ಬೆರೆಯದೆ, ಶಾಖ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಆ ಕೆಲಸ ಮಾಡುವ ಸಾಧನವೇ ಶಾಖ ವಿನಿಮಯಕ.

ಇದರ ಒಂದು ಸರಳ ಬಗೆಯಲ್ಲಿ ದಪ್ಪ ಕೊಳವೆಯೊಳಗೆ ಸಣ್ಣ ತಾಮ್ರದ ಕೊಳವೆ ಇರುತ್ತದೆ. ಇದನ್ನು ನೀರಿನ ಟ್ಯಾಂಕಿನ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಹೊರಗಿನ ಕೊಳವೆಯಲ್ಲಿ ಬಾಯ್ಲರಿನ ಬಿಸಿನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಟ್ಯಾಂಕಿನ ತಳದಿಂದ ಒಳಗಿನ ಕೊಳವೆಗೆ ಬಂದ ತಣ್ಣೀರು ಕಾದು, ಹಗುರಾಗಿ, ತಾನೇ ಮೇಲೇರಿ ಟ್ಯಾಂಕಿನ ತಲೆಯನ್ನು ಸೇರುತ್ತದೆ. ಈ ಸುತ್ತಿಗೆ ಪಂಪು ಬೇಡ. ಪಠ್ಯಪುಸ್ತಕದಲ್ಲಿ ಓದಿದ ವಹನ, ಸಂವಹನಗಳೆರಡೂ ಇಲ್ಲಿ ಜೊತೆಯಾಗಿ ದುಡಿಯುತ್ತವೆ. ಈ ಬಗೆಯ ಸುತ್ತಾಟಕ್ಕೆ ಥರ್ಮೋಸೈಫನ್ ಎಂದು ಹೆಸರು.

ಒಂದು ಸಣ್ಣ ಲೆಕ್ಕ

ಒಂದು ಲೀಟರ್ ನೀರು ಒಂದು ಡಿಗ್ರಿ ತಣಿದರೆ ಸುಮಾರು ಒಂದು ಕಿಲೊಕ್ಯಾಲರಿ ಶಾಖ ಬಿಡುತ್ತದೆ. 190 ಲೀಟರಿನ ಟ್ಯಾಂಕನ್ನು 10 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು 7,600 ಕಿಲೊಕ್ಯಾಲರಿ ಬೇಕು. ಬಾಯ್ಲರಿನ ನೀರು ನಿಮಿಷಕ್ಕೆ 15 ಲೀಟರಿನಂತೆ ಹರಿದು, ವಿನಿಮಯಕದಲ್ಲಿ 3 ಡಿಗ್ರಿ ತಣಿಯುತ್ತಿದೆ ಎನ್ನೋಣ. ನಿಮಿಷಕ್ಕೆ 45 ಕಿಲೊಕ್ಯಾಲರಿ ದೊರೆತು, ಟ್ಯಾಂಕು ಮೂರು ಗಂಟೆಯೊಳಗೆ ಕಾಯುತ್ತದೆ. ಒಂದೇ ಡಿಗ್ರಿ ತಣಿದರೆ? ಎಂಟು ಗಂಟೆಗೂ ಹೆಚ್ಚು ಬೇಕು! ಬೆಂಕಿ ಅದೇ, ಪಂಪು ಅದೇ. ವ್ಯತ್ಯಾಸ ಎರಡು ಡಿಗ್ರಿ ಮಾತ್ರ.

ರೋಗಪತ್ತೆಯ ದಾರಿ

ಈ ಕಾರಣದಿಂದ ಅನುಭವಿಗಳು ಸ್ಪ್ಯಾನರಿಗಿಂತ ಮೊದಲು ಥರ್ಮಾಮೀಟರ್ ಹಿಡಿಯುತ್ತಾರೆ. ಟ್ಯಾಂಕಿನ ನೀರು ತಣ್ಣಗಿರುವಾಗಲೇ ಅಳೆಯಬೇಕು. ಟ್ಯಾಂಕು ಕಾದಿದ್ದರೆ ಶಾಖ ದಾಟುವುದು ಸಹಜವಾಗಿಯೇ ಕಡಿಮೆ. ಬಾಯ್ಲರಿನ ಬಳಿ, ವಿನಿಮಯಕವನ್ನು ಹೊಗುವಲ್ಲಿ, ಅಲ್ಲಿಂದ ಹೊರಡುವಲ್ಲಿ - ಹೀಗೆ ಮೂರು ಕಡೆ ಉಷ್ಣತೆ ಗೊತ್ತಾದರೆ ಸಾಕು.

ಬಾಯ್ಲರಿನಲ್ಲಿ 80, ಮನೆಯೊಳಗೆ ಬರುವಾಗ 60 ಎಂದಿದ್ದರೆ ಶಾಖ ದಾರಿಯಲ್ಲೇ ಸೋರುತ್ತಿದೆ. ನೆಲದಡಿಯ ಕೊಳವೆಯ ಹೊದಿಕೆಗೆ ನೀರು ಹೊಕ್ಕಿರಬಹುದು. ಕೊಳವೆ ಸಾಗಿದ ಜಾಡಿನಲ್ಲಿ ಮಾತ್ರ ಹಿಮ ಕರಗಿ ಗೆರೆ ಮೂಡಿದ್ದರೆ ಅದೇ ಸಾಕ್ಷಿ.

ಒಳಹೊಗುವಾಗ 78, ಹೊರಬರುವಾಗ 50 ಇದ್ದರೆ ಬಿಸಿನೀರು ತೀರಾ ನಿಧಾನವಾಗಿ ಹರಿಯುತ್ತಿದೆ. ಪಂಪು ಸೋತಿರಬಹುದು, ಜಾಲರಿಯಲ್ಲಿ ತುಕ್ಕಿನ ಕೆಸರು ಕಟ್ಟಿರಬಹುದು. ಇದನ್ನು ಬೇಗ ಸರಿಪಡಿಸಬೇಕು. ಹರಿವು ಪೂರ್ತಿ ನಿಂತರೆ ಅಂಥ ಚಳಿಯಲ್ಲಿ ಕೊಳವೆಯ ನೀರು ಹೆಪ್ಪುಗಟ್ಟಿ ಕೊಳವೆಯೇ ಒಡೆದೀತು.

ಒಳಹೊಗುವಾಗ 78, ಹೊರಬರುವಾಗ 77 ಇದ್ದರೆ? ಶಾಖ ಬಾಗಿಲವರೆಗೆ ಬಂದು, ಒಳಗೆ ಬಾರದೆ ಮರಳುತ್ತಿದೆ. ಇದಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು, ಟ್ಯಾಂಕಿನ ಕಡೆಯ ನೀರು ಚಲಿಸದಿರುವುದು. ಮೇಲ್ತುದಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ, ಇಲ್ಲವೇ ತಳದ ನಲ್ಲಿಯಲ್ಲಿ ಕಟ್ಟಿದ ಗಸಿ ಸುತ್ತಾಟವನ್ನು ತಡೆಯುತ್ತದೆ. ಗಾಳಿ ಬಿಟ್ಟು, ಗಸಿ ತೆಗೆದರೆ ನೀರು ಮತ್ತೆ ಓಡುತ್ತದೆ. ಎರಡನೆಯದು, ಕೊಳವೆಯೊಳಗೆ ಕಟ್ಟಿದ ಸುಣ್ಣದ ಹಕ್ಕಳೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕರಗದ ಕಾರ್ಬೊನೇಟ್ ಆಗಿ ಅಂಟಿಕೊಳ್ಳುತ್ತದೆ. ತಾಮ್ರದ ಮುಂದೆ ಈ ಪದರ ಬಹಳ ಮಂದ ಉಷ್ಣವಾಹಕ. ನೀರಿನ ಒತ್ತಡ ಇಳಿಸಿ, ವಿನಿಮಯಕವನ್ನು ಬೇರ್ಪಡಿಸಿ, ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣ ಹಾಯಿಸಿದರೆ ಸುಣ್ಣ ನೊರೆಗುಟ್ಟಿ ಕರಗುತ್ತದೆ. ಮೊಟ್ಟೆಯ ಚಿಪ್ಪನ್ನು ವಿನೆಗರಿನಲ್ಲಿ ಹಾಕಿದಾಗ ಕಾಣುವ ಗುಳ್ಳೆಗಳೂ ಇದೇ ಇಂಗಾಲದ ಡೈಆಕ್ಸೈಡ್.

ಹೊಗೆ ಮತ್ತು ಸುಟ್ಟಗಾಯ

ಶಾಖ ದಾಟದಿರುವಾಗ ಸೌದೆ ತುರುಕಿದರೆ ಇನ್ನೊಂದು ಅನಾಹುತವಿದೆ. ನೀರು ಕಾದಾಗ ಬಾಯ್ಲರ್ ತಾನೇ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಗಾಳಿಯಿಲ್ಲದೆ ಸೌದೆ ಕಮರಿ ದಟ್ಟ ಹೊಗೆ ಉಗುಳುತ್ತದೆ. ಇಂಥ ಹೊಗೆಯ ಬಗ್ಗೆ ನೆರೆಹೊರೆಯವರ ದೂರುಗಳು ಅಲ್ಲಿ ಹೊಸತಲ್ಲ. ಹೊಸ ಬಾಯ್ಲರುಗಳ ಹೊಗೆಗೆ ಮಿತಿ ಹಾಕುವ ನಿಯಮವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ತಂದಿತು. 2020ರ ಮೇ ತಿಂಗಳಿಂದ ಅದನ್ನು ಇನ್ನಷ್ಟು ಬಿಗಿಗೊಳಿಸಿತು.

ದುರಸ್ತಿ ಮುಗಿದ ಮೇಲೂ ಎಚ್ಚರ ತಪ್ಪಬಾರದು. ಯಾರೂ ನೀರು ಬಳಸದ ದಿನ ಟ್ಯಾಂಕಿನ ನೀರು ಬಾಯ್ಲರಿನಷ್ಟೇ ಬಿಸಿಯಾಗಬಲ್ಲದು. 60 ಡಿಗ್ರಿಯ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಆದ್ದರಿಂದ ತಣ್ಣೀರು ಬೆರೆಸಿ ಹದಗೊಳಿಸುವ ಕವಾಟ ಇರಲೇಬೇಕು. ಒತ್ತಡ ಬಿಡುವ ಸುರಕ್ಷತಾ ಕವಾಟವನ್ನು ಎಂದೂ ಮುಚ್ಚಬಾರದು. ಮೇಲೆ ತೆರೆದಿರುವ ಬಾಯ್ಲರಿನಿಂದ ಕಾರಣವಿಲ್ಲದೆ ನೀರು ಉಕ್ಕಿ ಹರಿದರೆ, ವಿನಿಮಯಕದ ಒಳಗೋಡೆ ತೂತಾಗಿ ಒತ್ತಡದ ನಲ್ಲಿನೀರು ಅತ್ತ ನುಗ್ಗುತ್ತಿರಬಹುದು. ಆಗ ಆ ನೀರಿನ ಬಳಕೆಯನ್ನು ನಿಲ್ಲಿಸಿ, ವಿನಿಮಯಕವನ್ನೇ ಬದಲಿಸಬೇಕು.

ಇದನ್ನೆಲ್ಲ ನೋಡಲು ವಿಸ್ಕಾನ್ಸಿನ್‌ಗೆ ಹೋಗಬೇಕಿಲ್ಲ. ನಮ್ಮ ಊರುಗಳ ತಾರಸಿಯ ಮೇಲಿರುವ ಸೌರ ಜಲತಾಪಕಗಳಲ್ಲಿಯೂ ಹೆಚ್ಚಿನವು ಥರ್ಮೋಸೈಫನ್‌ನಿಂದಲೇ ನಡೆಯುತ್ತವೆ. ಕೊಳವೆಬಾವಿಯ ಗಡಸು ನೀರು ಅಲ್ಲಿಯೂ ಸುಣ್ಣ ಕಟ್ಟುತ್ತದೆ. ಒಳ್ಳೆಯ ಬಿಸಿಲಿದ್ದರೂ ನೀರು ಕಾಯದಿದ್ದರೆ ವಿದ್ಯಾರ್ಥಿಗಳು ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ, ಕೊಳವೆಯ ಎರಡು ತುದಿಗಳ ಉಷ್ಣತೆಯನ್ನು ಅಳೆದು ಬರೆದಿಡಲಿ. ದುರಸ್ತಿಯವನು ಬರುವ ಹೊತ್ತಿಗೆ ಅರ್ಧ ಉತ್ತರ ಆ ಹಾಳೆಯಲ್ಲೇ ಇರುತ್ತದೆ.