ಆರೈಕೆ ಮಾಡುವವರಿಗೂ ಆಸರೆ ಬೇಕು

ತೀವ್ರ ನಿಗಾ ಘಟಕದಲ್ಲಿ ಮಗುವೊಂದು ತೀರಿಕೊಂಡರೆ ಹೆತ್ತವರನ್ನು ಹಿಡಿದುಕೊಳ್ಳಲು ಬಂಧುಗಳಿರುತ್ತಾರೆ. ಕೊನೆಯವರೆಗೂ ಆ ಮಗುವಿನ ಎದೆ ಒತ್ತುತ್ತಿದ್ದ ಸಿಸ್ಟರ್ ಮಾತ್ರ ಕೈ ತೊಳೆದುಕೊಂಡು ಪಕ್ಕದ ಹಾಸಿಗೆಗೆ ಹೋಗಬೇಕು. ಡ್ಯೂಟಿ ಮುಗಿಸಿ ಮನೆ ಸೇರಿದರೂ ನಿದ್ದೆ ಹತ್ತುವುದಿಲ್ಲ. ‘ಇನ್ನೂ ಮೊದಲೇ ಗಮನಿಸಿದ್ದರೆ?’ ಎಂಬ ಪ್ರಶ್ನೆ ಬಿಡುವುದಿಲ್ಲ. ಮರುದಿನ ಸಿರಿಂಜ್ ಹಿಡಿದಾಗ ಕೈ ನಡುಗುತ್ತದೆ. ಕೆಲವರು ಕೆಲಸವನ್ನೇ ಬಿಡುತ್ತಾರೆ.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 2001ರಲ್ಲಿ ಸುಟ್ಟಗಾಯದಿಂದ ಚೇತರಿಸಿಕೊಳ್ಳುತ್ತಿದ್ದ 18 ತಿಂಗಳ ಜೋಸಿ ಕಿಂಗ್ ಚಿಕಿತ್ಸೆಯ ಲೋಪಗಳಿಂದಾಗಿ ಅಸುನೀಗಿದಳು. ಆಕೆಯನ್ನು ನೋಡಿಕೊಂಡಿದ್ದ ಸಿಬ್ಬಂದಿಯೂ ಕುಗ್ಗಿಹೋದರು. ಇಂಥವರಿಗಾಗಿಯೇ ಅಲ್ಲಿ 2011ರಲ್ಲಿ ‘ರೈಸ್’ ಎಂಬ ವ್ಯವಸ್ಥೆ ಶುರುವಾಯಿತು. ಹಗಲಿರಲಿ, ರಾತ್ರಿಯಿರಲಿ, ಕರೆ ಮಾಡಿದರೆ ತರಬೇತಿ ಪಡೆದ ಸಹೋದ್ಯೋಗಿಯೊಬ್ಬರು ಬಂದು ಮಾತು ಕೇಳಿಸಿಕೊಳ್ಳುತ್ತಾರೆ. ತಪ್ಪು ಯಾರದೆಂದು ವಿಚಾರಿಸುವುದಿಲ್ಲ; ಆಡಿದ ಮಾತು ಹೊರಗೆ ಹೋಗುವುದಿಲ್ಲ. ಲೋಪದ ತನಿಖೆ ನಡೆಯಲೇಬೇಕು, ಆದರೆ ಅದರ ದಾರಿ ಬೇರೆ. ತನಿಖೆಯೂ ಸಾಂತ್ವನವೂ ಒಂದೇ ಕೋಣೆಯಲ್ಲಿ ನಡೆದರೆ ಯಾರೂ ಬಾಯಿ ಬಿಡುವುದಿಲ್ಲ.

ಮಿಸೌರಿ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಸೂಸನ್ ಸ್ಕಾಟ್ ಮತ್ತು ಸಂಗಡಿಗರು ಇಂಥದೇ ನೆರವನ್ನು ಮೂರು ಹಂತವಾಗಿ ರೂಪಿಸಿದರು. ಮೊದಲು ವಾರ್ಡಿನ ಜೊತೆಗಾರರ ಸಾಂತ್ವನ, ಅದು ಸಾಲದಿದ್ದರೆ ತರಬೇತಿ ಪಡೆದ ಸಹೋದ್ಯೋಗಿ, ಕೊನೆಗೆ ಮನೋತಜ್ಞರು. ಬಹುಪಾಲು ಜನರಿಗೆ ಮೊದಲ ಎರಡು ಹಂತಗಳೇ ಸಾಕಾಗುತ್ತವೆ ಎಂಬುದು ಅವರ ಲೆಕ್ಕಾಚಾರ. ಒಂದು ಎಚ್ಚರಿಕೆಯೂ ಬೇಕು. ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ಅನುಭವ ಹೇಳಿಸುವ ಒಂದೇ ಸಲದ ಕಡ್ಡಾಯ ಸಭೆಯಿಂದ ಮುಂದಿನ ಮಾನಸಿಕ ಆಘಾತ ತಪ್ಪುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಮಾತಾಡುವ ಹೊತ್ತನ್ನು ನೊಂದವರೇ ಆರಿಸಿಕೊಳ್ಳಬೇಕು.

ಸಿಬ್ಬಂದಿಯನ್ನು ಕುಗ್ಗಿಸುವುದು ಸಾವೊಂದೇ ಅಲ್ಲ, ಹಲ್ಲೆಯೂ ಹೌದು. ನಮ್ಮ ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದಲೇ ರಾಜ್ಯದ ಕಾನೂನಿದೆ. ಅದು ಹೊಡೆದವರನ್ನು ಶಿಕ್ಷಿಸಬಲ್ಲದು. ಆದರೆ ಏಟು ತಿಂದ ಕಿರಿಯ ವೈದ್ಯೆ ಮತ್ತೆ ಅದೇ ಕ್ಯಾಶುವಲ್ಟಿಗೆ ಕಾಲಿಡುವಾಗ ಅವಳ ಜೊತೆ ನಿಲ್ಲಲಾರದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ, ಯಾವ ಹೊತ್ತಿನಲ್ಲೂ, ಕನ್ನಡದಲ್ಲೇ ಉಚಿತವಾಗಿ ಕರೆ ಮಾಡಬಹುದು. ನಿಮ್ಹಾನ್ಸ್ ಇದರ ಹಿಂದಿರುವುದು ಧೈರ್ಯ ತುಂಬುವ ಸಂಗತಿ. ಆದರೆ ನೊಂದವರೇ ಫೋನ್ ಎತ್ತಿಕೊಳ್ಳಲಿ ಎಂದು ಆಸ್ಪತ್ರೆ ಸುಮ್ಮನಿರುವುದು ಸರಿಯಲ್ಲ.

ದೊಡ್ಡ ಖರ್ಚಿನ ಮಾತೇನೂ ಇಲ್ಲ. ಆಘಾತದ ಘಟನೆಯಾದ ಮೇಲೆ ಅರ್ಧ ಗಂಟೆ ಬಿಡುವು, ಆ ಹೊತ್ತಿಗೆ ಬದಲಿ ಸಿಬ್ಬಂದಿ, ಕೂರಲು ಒಂದು ಕೋಣೆ, ಪ್ರತಿ ಪಾಳಿಯಲ್ಲೂ ತರಬೇತಿ ಪಡೆದ ಒಬ್ಬಿಬ್ಬರು, ಮರುದಿನ ‘ಹೇಗಿದ್ದೀರಿ?’ ಎಂಬ ಒಂದು ಕರೆ, ಇಷ್ಟಿದ್ದರೆ ಆರಂಭಕ್ಕೆ ಸಾಕು. ಆಯಾಗಳು, ವಾರ್ಡ್‌ಬಾಯ್‌ಗಳು, ಆಂಬುಲೆನ್ಸ್ ಚಾಲಕರೂ ಇದರೊಳಗೆ ಬರಬೇಕು. ಸಾವನ್ನು ಅವರೂ ಅಷ್ಟೇ ಹತ್ತಿರದಿಂದ ನೋಡುತ್ತಾರೆ. ಪ್ರತಿ ಜಿಲ್ಲಾಸ್ಪತ್ರೆಯೂ ಪ್ರತಿ ನರ್ಸಿಂಗ್ ಹೋಮ್ ಕೂಡ ಈ ವರ್ಷವೇ ಇದನ್ನು ಶುರುಮಾಡಲಿ. ಸಿಬ್ಬಂದಿಯ ಮನಸ್ಸು ಗಟ್ಟಿಯಿದ್ದರೇ ರೋಗಿ ಸುರಕ್ಷಿತ.