ಬಾಣಂತಿ ಕೋಣೆಗೆ ಕ್ಯಾಮರಾ ಹಿಡಿಯುವ ಮುನ್ನ

ಫೆಬ್ರವರಿ ಬಂತೆಂದರೆ ಘಟ್ಟದ ಬುಡದ ನಮ್ಮ ತೋಟಗಳ ಕಡೆ ಉದ್ದ ಲೆನ್ಸಿನ ಕ್ಯಾಮರಾ ಹೊತ್ತವರ ಓಡಾಟ ಸುರು. ಚಾರಣಕ್ಕೆ ಬಂದವರು, ಹಕ್ಕಿ ಹುಡುಕಿಕೊಂಡೇ ಬಂದವರು. ಬಾಯಾರಿಕೆ ಕುಡಿದ ಮೇಲೆ ಕೇಳುವ ಪ್ರಶ್ನೆ ಒಂದೇ: “ಇಲ್ಲಿ ಮಂಗಟ್ಟೆ ಗೂಡು ಉಂಟಾ?”

ಉಂಟು. ನಮ್ಮ ತೋಟದ ಮೇಲ್ಬದಿಯ ತಾರೆ ಮರದಲ್ಲೇ ಉಂಟು. ತೋರಿಸುವುದೋ ಬೇಡವೋ, ತೋರಿಸಿದರೆ ಹೇಗೆ ಎಂಬುದನ್ನು ಮರ ಇರುವ ಜಾಗದವರು ಮೊದಲೇ ತೀರ್ಮಾನಿಸಿಕೊಂಡಿರಬೇಕು. ನಾನೂ ಫೋಟೋ ಹುಚ್ಚಿನವನೇ. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು.

ನಮ್ಮಲ್ಲಿರುವುದು ಬೂದು ಮಂಗಟ್ಟೆ. ದೊಡ್ಡ ಮಂಗಟ್ಟೆಗಿರುವಂತೆ ಕೊಕ್ಕಿನ ಮೇಲೆ ಕಿರೀಟ ಇಲ್ಲ. ಪಶ್ಚಿಮ ಘಟ್ಟದ ಆಸುಪಾಸು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಗಹಗಹಿಸಿ ನಕ್ಕಂತೆ ಕೂಗುವುದರಿಂದ ಕಣ್ಣಿಗೆ ಬೀಳದಿದ್ದರೂ ಕಿವಿಗೆ ಬಿದ್ದೇ ಬೀಳುತ್ತದೆ. ಮರಕುಟುಕನ ಹಾಗೆ ಮರ ಕೊರೆಯಲು ಇದಕ್ಕೆ ಬಾರದು. ಹಳೆ ಮರದಲ್ಲಿ ಮೊದಲೇ ಇರುವ ಪೊಟರೆಯೇ ಆಗಬೇಕು. ಹೆಣ್ಣು ಒಳಹೊಕ್ಕು ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಒಳಗೆ ರೆಕ್ಕೆಗರಿ ಉದುರಿಸುತ್ತದೆ. ಆಗ ಹಾರಲೂ ಆಗದು. ಮರಿ ಬಲಿಯುವವರೆಗೆ, ಹೆಚ್ಚುಕಡಿಮೆ ಮೂರು ತಿಂಗಳು, ಗಂಡು ತಂದರೆ ಊಟ. ತಾರದಿದ್ದರೆ ತಾಯಿ-ಮರಿ ಎಲ್ಲಕ್ಕೂ ಉಪವಾಸ.

ಇದನ್ನು ವಿವರಿಸಿದಾಗ ಅಮ್ಮ ಹೇಳಿದ್ದು: “ಹಾಗಾದ್ರೆ ಅದು ಬಾಣಂತಿ ಕೋಣೆ ಅಲ್ವನಾ!”

ನೆರೆಯ ತೋಟದಲ್ಲೊಮ್ಮೆ ಬಂದ ತಂಡ ಚಿತ್ರ ಸ್ಪಷ್ಟ ಬರಲೆಂದು ಗೂಡಿನ ಎದುರಿನ ಗೆಲ್ಲುಗಳನ್ನು ಕಡಿದೇಬಿಟ್ಟಿತು. ಬುಡದಲ್ಲೇ ಐದಾರು ಜನ. ಗಂಡು ಹಕ್ಕಿ ಆಚೆ ಮರದಲ್ಲಿ ಕುಳಿತದ್ದು ಕುಳಿತೇ ಇತ್ತು, ಒಂದು ಗಂಟೆ ಕಳೆದರೂ ಗೂಡಿಗೆ ಬರಲಿಲ್ಲ. ನೆನಪಿರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡಿಗೆ ತೊಂದರೆ ಕೊಡುವುದನ್ನೂ ‘ಬೇಟೆ’ ಎಂದೇ ಲೆಕ್ಕ ಹಿಡಿಯುತ್ತದೆ. ಕೋವಿಯೇ ಬೇಕೆಂದಿಲ್ಲ!

ನಮ್ಮಲ್ಲಿ ಈಗ ಕ್ರಮ ಹೀಗಿದೆ. ಮರದಿಂದ ಮೂವತ್ತು ಮಾರು ದೂರದಲ್ಲಿ, ತೋಟದ ಬೇಲಿಗೆ ತಾಗಿ ತೆಂಗಿನ ಮಡಲಿನ ಮರೆ ಕಟ್ಟಿದ್ದೇನೆ. ಬೆಳಕು ಹರಿಯುವ ಮೊದಲೇ ಒಳಗೆ ಕೂರಬೇಕು, ಇಬ್ಬರಿಗಿಂತ ಹೆಚ್ಚು ಬೇಡ. ಫ್ಲಾಶ್ ಇಲ್ಲ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು ಇಲ್ಲವೇ ಇಲ್ಲ. ಪೊಟರೆ ಮೆತ್ತಿದ ಮೊದಲ ಎರಡು ವಾರ ನಾನೂ ಆ ಕಡೆ ಹೋಗುವುದಿಲ್ಲ. ಗಂಡು ಬಂದು ಆಚೀಚೆ ಮರದಲ್ಲೇ ಕುಳಿತು ಗೂಡಿಗೆ ಇಳಿಯದಿದ್ದರೆ ನಾವು ಅದರ ಕಣ್ಣಿಗೆ ಬಿದ್ದಿದ್ದೇವೆಂದೇ ಅರ್ಥ. ಸದ್ದಿಲ್ಲದೆ ಜಾಗ ಖಾಲಿ ಮಾಡಬೇಕು.

ತಾಳ್ಮೆಯಿದ್ದವರಿಗೆ ಒಳ್ಳೆ ಚಿತ್ರ ಸಿಕ್ಕೇ ಸಿಗುತ್ತದೆ. ಬರುವಾಗ ಹಕ್ಕಿಯ ಕೊಕ್ಕು ಹಲವು ಸಲ ಬರಿದಾಗಿ ಕಾಣುತ್ತದೆ. ಹಣ್ಣೆಲ್ಲ ಗಂಟಲಲ್ಲಿ! ಗೂಡಿನೆದುರು ಕುಳಿತು ಒಂದೊಂದೇ ಹೊರತೆಗೆದು ಸೀಳಿನೊಳಗೆ ಕೊಡುತ್ತದೆ. ಆ ಕ್ಷಣಕ್ಕೆ ಕಾಯಬೇಕು. ದುಬಾರಿ ಲೆನ್ಸ್ ಇಲ್ಲದವರು ಬೈನಾಕ್ಯುಲರ್ ಕಣ್ಣಿಗೆ ಮೊಬೈಲ್ ಹಿಡಿದು ನೋಡಿ. ಅಂಚು ಕಪ್ಪಾದರೂ ದಾಖಲೆಗೆ ಸಾಕು.

ಇನ್ನು ಮರದ ಮಾತು. ಈ ತಾರೆ ಅಡಿಕೆಗೆ ನೆರಳು, ಕಡಿಸುವ ಎಂದು ಅಣ್ಣನ ಹಟ. ಪೊಟರೆ ಮರವೆಂದು ವ್ಯಾಪಾರಿ ಹೇಳಿದ ಬೆಲೆಯೂ ಅಷ್ಟಕ್ಕಷ್ಟೆ. ಸೀಳಿನಿಂದ ಹೊರಬಂದ ಕೊಕ್ಕಿನ ಫೋಟೋ ದೊಡ್ಡದು ಮಾಡಿಸಿ ಚಾವಡಿಯಲ್ಲಿ ತೂಗುಹಾಕಿದೆ. ಅಣ್ಣ ಏನೂ ಹೇಳಲಿಲ್ಲ. ಆದರೆ ಮರ ಕಡಿಸುವ ಮಾತು ಮತ್ತೆ ಬಂದಿಲ್ಲ. ಬಿಸಿಲು ಬೇಕಾದಲ್ಲಿ ತೋಟದ ಬದಿಯ ಎರಡು ಗೆಲ್ಲು ಮಾತ್ರ ಕಡಿಸಿದೆವು, ಅದೂ ಮರಿ ಹಾರಿದ ಮೇಲೆ.

ಲಾಭವೂ ಇಲ್ಲದಿಲ್ಲ. ಮಳೆ ಬಿದ್ದೊಡನೆ ಗೂಡಿನ ಕೆಳಗೆ ಬಗೆಬಗೆಯ ಸಸಿ ಏಳುತ್ತವೆ. ಕಾಡುಜಾಯಿಕಾಯಿ ಜಾತಿಯ ಮರದ ಪತ್ರೆ ತಿಂದು ಬೀಜವನ್ನು ಹಕ್ಕಿ ಇಡಿಯಾಗಿ ಉಗುಳುತ್ತದೆ. ಪತ್ರೆ ಅದಕ್ಕೆ, ಸಸಿ ನಮಗೆ. ಕಳೆದ ಮಳೆಗಾಲ ಅಲ್ಲಿಂದ ಕಿತ್ತ ಹನ್ನೊಂದು ಗಿಡ ತೊಟ್ಟೆಗೆ ಹಾಕಿದ್ದೇನೆ, ಒಂಬತ್ತು ಉಳಿದಿವೆ.

ನಿಮ್ಮಲ್ಲಿ ಗೂಡಿದ್ದರೆ ಮರ ಯಾವುದು, ಬಾಗಿಲು ಮೆತ್ತಿದ್ದು ಯಾವಾಗ, ಒಡೆದದ್ದು ಯಾವಾಗ ಎಂದು ಬರೆದಿಡಿ. ಒಂದೇ ಪೊಟರೆಗೆ ಮರುವರ್ಷವೂ ಬರುವುದುಂಟು.