ಎಳೆ ಕಡಿದರೆ ನಿಲ್ಲುವ ಮಗ್ಗ

ಜಪಾನಿನ ನಗೋಯಾದಲ್ಲಿ ಕೆಂಪು ಇಟ್ಟಿಗೆಯ ಹಳೆಯ ಜವಳಿ ಕಾರ್ಖಾನೆಯೊಂದು ಈಗ ಟೊಯೋಟಾ ಸಮೂಹದ ವಸ್ತುಸಂಗ್ರಹಾಲಯ. ಕಾರು ನೋಡುವ ಆಸೆಯಿಂದ ಬಂದವರು ಮೊದಲು ಮಗ್ಗಗಳನ್ನು ದಾಟಬೇಕು. ದಾಟುವ ಅವಸರ ಮಾಡದಿದ್ದರೆ ಒಳ್ಳೆಯದು. ಗುಣಮಟ್ಟದ ಬಗ್ಗೆ ಬಂದಿರುವ ದಪ್ಪ ಪುಸ್ತಕಗಳ ತಿರುಳು ಇಲ್ಲಿ ಕಣ್ಣೆದುರೇ ಓಡುತ್ತದೆ.

ಈ ಸಮೂಹದ ಮೂಲಪುರುಷ, ಬಡಗಿಯ ಮಗ ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗ ಅದು. ಹಾಸಿನ ಎಳೆಎಳೆಗೂ ಒಂದೊಂದು ತೆಳುವಾದ ಲೋಹದ ಪಟ್ಟಿ ತೂಗುತ್ತಿರುತ್ತದೆ. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲೆಯೇ ಇರುತ್ತದೆ. ಎಳೆ ಕಡಿಯಿತೋ, ಪಟ್ಟಿ ಕೆಳಗೆ ಜಾರಿ ಚಲನೆಗೆ ಅಡ್ಡ ಬರುತ್ತದೆ, ಇಡೀ ಮಗ್ಗ ನಿಲ್ಲುತ್ತದೆ. ಹೊಕ್ಕಿನ ನೂಲು ಮುಗಿಯುತ್ತ ಬಂದರೆ ವೇಗ ತಗ್ಗಿಸದೆಯೇ ಹೊಸ ಲಾಳಿ ಬಂದು ಕೂರುತ್ತದೆ. ಕಾವಲು ನಿಲ್ಲುವ ಕೆಲಸ ತಪ್ಪಿದ್ದರಿಂದ ಒಬ್ಬರೇ ಮೂವತ್ತಕ್ಕೂ ಹೆಚ್ಚು ಮಗ್ಗ ನೋಡಿಕೊಳ್ಳಬಹುದಾಯಿತು. ಅದಕ್ಕಿಂತ ದೊಡ್ಡ ಲಾಭವೆಂದರೆ, ದೋಷವಿರುವ ಬಟ್ಟೆ ಗಜಗಟ್ಟಲೆ ಬೆಳೆಯಲಿಲ್ಲ.

ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ 1929ರಲ್ಲಿ ಒಂದು ಲಕ್ಷ ಪೌಂಡಿಗೆ ಇದರ ಹಕ್ಕು ಕೊಳ್ಳಲು ಒಪ್ಪಿತು. ಆ ಹಣದಿಂದಲೇ ಟೊಯೋಟಾ ಕಾರು ಹುಟ್ಟಿತೆಂಬ ಕಥೆ ಜನಪ್ರಿಯ, ಆದರೆ ತೀರ ಸರಳ. ಮಗ್ಗದಿಂದ ಕಾರಿಗೆ ದಾಟಿದ ನಿಜವಾದ ಆಸ್ತಿ, ತಪ್ಪು ಕಂಡಲ್ಲೇ ನಿಲ್ಲಿಸುವ ಅಭ್ಯಾಸ. ಅದನ್ನು ಕಾರಿನ ಕಾರ್ಖಾನೆಯಲ್ಲಿ ಬೆಳೆಸಿದ ತೈಚಿ ಓನೊ, ಟೊಯೋಡಾ ನೂಲಿನ ಗಿರಣಿಯಿಂದಲೇ ಬಂದವರು. ಅಲ್ಲಿ ಕಾರ್ಮಿಕ ಹಗ್ಗ ಎಳೆದರೆ ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ. ತೊಂದರೆ ಬಗೆಹರಿಯದಿದ್ದರೆ ಸಾಲಿಗೆ ಸಾಲೇ ನಿಲ್ಲುತ್ತದೆ.

ವಿಚಿತ್ರವೆಂದರೆ, ಅದೇ 1924ರಲ್ಲಿ ಅಮೆರಿಕದಲ್ಲಿ ವಾಲ್ಟರ್ ಶ್ಯೂಹಾರ್ಟ್ ಮೊದಲ ನಿಯಂತ್ರಣ ನಕ್ಷೆ ಬರೆದರು. ಪ್ರಕ್ರಿಯೆ ಯಾವಾಗ ಹಳಿ ತಪ್ಪಿತೆಂದು ಅಂಕಿಗಳೇ ಹೇಳುವ ನಕ್ಷೆ! ಅವರ ವಿಚಾರಗಳನ್ನು ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿಗೆ ಒಯ್ದರು. ಮರುವರ್ಷ ಅಲ್ಲಿ ಗುಣಮಟ್ಟಕ್ಕಾಗಿ ಡೆಮಿಂಗ್ ಪ್ರಶಸ್ತಿ ಶುರುವಾಯಿತು. 1987ರಲ್ಲಿ ಅಮೆರಿಕ ಬಾಲ್ಡ್ರಿಜ್ ಪ್ರಶಸ್ತಿ ಸ್ಥಾಪಿಸಿತು, ಯುರೋಪೂ ತನ್ನದೇ ಮಾದರಿ ರೂಪಿಸಿತು. 'ಸಾಂಸ್ಥಿಕ ಉತ್ಕೃಷ್ಟತೆ' ಸಾವಿರ ಅಂಕಗಳ ಪರೀಕ್ಷೆಯಾದದ್ದು ಹೀಗೆ. ನಾಯಕತ್ವ, ಗ್ರಾಹಕ, ಫಲಿತಾಂಶ ಎಲ್ಲಕ್ಕೂ ಅಲ್ಲಿ ಅಂಕವಿದೆ. ಆದರೆ ಸಂಸ್ಥೆಯೊಂದನ್ನು ಅಳೆಯಲು ಹೋದವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿ ಅತಿ ಕಿರಿಯ ನೌಕರ ಕೆಲಸ ನಿಲ್ಲಿಸಬಲ್ಲನೇ, ನಿಲ್ಲಿಸಿದರೆ ಬೈಗುಳ ಸಿಗುತ್ತದೆಯೋ ಸಹಾಯವೋ?

ಬೆಂಗಳೂರಿನ ಸುತ್ತಲಿಗೂ ಟೊಯೋಟಾ ಸಮೂಹ ಬಂದದ್ದು ಜವಳಿಯ ದಾರಿಯಲ್ಲೇ. ಕಿರ್ಲೋಸ್ಕರ್ ಜೊತೆಗೂಡಿ 1995ರಲ್ಲಿ ಸ್ಥಾಪಿಸಿದ ಕಂಪನಿ ಜಿಗಣಿಯಲ್ಲಿ ನೂಲುವ ಯಂತ್ರ ತಯಾರಿಸಿತು. ಬಿಡದಿಯ ಕಾರು ಕಂಪನಿ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ.